ಛೇದಗಳನ್ನು ಕೂಡಬೇಡಿ, ಸಮಗೊಳಿಸಿ

ಏಳನೆಯ ತರಗತಿಯವರೆಗೆ ಲೆಕ್ಕದಲ್ಲಿ ಚುರುಕಾಗಿದ್ದ ಮಕ್ಕಳು ಬೀಜಗಣಿತದ ಭಿನ್ನರಾಶಿ ಬಂದೊಡನೆ ಮಂಕಾಗುವುದುಂಟು. ‘ನನಗೆ ಗಣಿತ ಹತ್ತುವುದಿಲ್ಲ’ ಎಂದು ಮಗು ಕೈಚೆಲ್ಲುತ್ತದೆ; ‘ನಮಗೂ ತಿಳಿಯದು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಇಬ್ಬರೂ ಸೋಲೊಪ್ಪಬೇಕಾಗಿಲ್ಲ. ಇಲ್ಲಿರುವ ನಿಯಮ ಹೊಸದೇನಲ್ಲ, ಐದನೆಯ ತರಗತಿಯಲ್ಲಿ ಕಲಿತದ್ದೇ.

ಮೊದಲು ಅಂಕಿಗಳನ್ನೇ ನೋಡೋಣ. 1/2 + 1/3 ಎಷ್ಟು? ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿ 2/5 ಎನ್ನುವವರಿದ್ದಾರೆ. ಒಂದು ಡಜನ್ ನಂಜನಗೂಡು ರಸಬಾಳೆಯಲ್ಲಿ ಅರ್ಧವೆಂದರೆ 6 ಹಣ್ಣು, ಮೂರರಲ್ಲೊಂದು ಪಾಲೆಂದರೆ 4. ಕೂಡಿದರೆ 10. ಡಜನ್ನಿನ 2/5 ಪಾಲೋ, 5 ಹಣ್ಣೂ ಆಗುವುದಿಲ್ಲ! ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆಯಾದೀತೇ? ಪಾಲುಗಳ ಅಳತೆ ಬೇರೆಯಾದ್ದರಿಂದ ಎರಡನ್ನೂ ಆರನೆಯ ಪಾಲುಗಳಾಗಿ ಮಾಡಬೇಕು: 3/6 + 2/6 = 5/6. ಅಂದರೆ ಹತ್ತು ಹಣ್ಣು.

ಈಗ ಅಕ್ಷರಗಳಿಗೆ ಬರೋಣ. ನಂಜನಗೂಡನ್ನು ಹಾದುಹೋಗುವ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಈ ಎರಡು ಊರುಗಳ ನಡುವೆ ಒಂದು ದೋಣಿ ಹೋಗಿಬರುತ್ತದೆಂದು ಊಹಿಸಿಕೊಳ್ಳಿ. ದೂರ ದ ಕಿ.ಮೀ.; ನಿಂತ ನೀರಿನಲ್ಲಿ ದೋಣಿಯ ವೇಗ ಗಂಟೆಗೆ ವ ಕಿ.ಮೀ.; ಹೊಳೆಯ ಸೆಳವು ಗಂಟೆಗೆ 2 ಕಿ.ಮೀ. ಹೋಗುವಾಗ ಸೆಳವು ಜೊತೆಗೂಡುತ್ತದೆ, ಬರುವಾಗ ಎದುರಾಗುತ್ತದೆ. ಹಾಗಾಗಿ ಹೋಗಲು ದ/(ವ+2) ಗಂಟೆ, ಬರಲು ದ/(ವ−2) ಗಂಟೆ. ಒಟ್ಟು ಎಷ್ಟು?

ಎರಡು ಛೇದಗಳಿಗೂ ಸಾಮಾನ್ಯ ಅಪವರ್ತನವಿಲ್ಲ. ಆದ್ದರಿಂದ ಲ.ಸಾ.ಅ. ಅವುಗಳ ಗುಣಲಬ್ಧವೇ: (ವ+2)(ವ−2), ಅಂದರೆ ವ²−4. ಪ್ರತಿ ಅಂಶವನ್ನೂ ಅದರ ಛೇದದಲ್ಲಿ ಇಲ್ಲದ ಅಪವರ್ತನದಿಂದ ಗುಣಿಸಿ:

[ದ(ವ−2) + ದ(ವ+2)] / (ವ²−4) = 2ದವ/(ವ²−4)

ಬರುವಾಗ ಎಷ್ಟು ಹೊತ್ತು ಹೆಚ್ಚು ಹಿಡಿಯಿತು? ಈಗ ಕಳೆಯಬೇಕು:

[ದ(ವ+2) − ದ(ವ−2)] / (ವ²−4) = 4ದ/(ವ²−4)

ಪರೀಕ್ಷೆಯಲ್ಲಿ ಅಂಕ ಜಾರುವುದು ಇಲ್ಲಿಯೇ. ಕಳೆಯುವ ಚಿಹ್ನೆ ಆವರಣದೊಳಗಿನ ಎರಡೂ ಪದಗಳಿಗೆ ಸಲ್ಲಬೇಕು. −2ದ ಎಂಬುದು +2ದ ಆಗಬೇಕು. ಅದನ್ನು ಮರೆತರೆ ಉತ್ತರ ಸೊನ್ನೆ. ಅಂದರೆ ಹೋಗಲೂ ಬರಲೂ ಒಂದೇ ಹೊತ್ತು, ಕಪಿಲೆ ಹರಿಯುವುದನ್ನೇ ನಿಲ್ಲಿಸಿದಂತೆ!

ತಂದೆತಾಯಂದಿರ ಕೆಲಸ ಇಲ್ಲಿಂದ ಶುರು. ಇದಕ್ಕೆ ಬೀಜಗಣಿತ ಗೊತ್ತಿರಬೇಕಾಗಿಲ್ಲ. ‘ಅಕ್ಷರದ ಜಾಗದಲ್ಲಿ ಅಂಕಿ ಹಾಕಿ ತೋರಿಸು’ ಎಂದು ಕೇಳಿ, ಸಾಕು. ಲೆಕ್ಕಕ್ಕೆಂದು ದ = 24, ವ = 10 ಎಂದಿಟ್ಟುಕೊಳ್ಳಿ. ಹೋಗಲು 24/12 = 2 ಗಂಟೆ, ಬರಲು 24/8 = 3 ಗಂಟೆ; ಒಟ್ಟು 5, ವ್ಯತ್ಯಾಸ 1. ನಮ್ಮ ಉತ್ತರಗಳಲ್ಲಿ 480/96 = 5, 96/96 = 1. ತಾಳೆಯಾಯಿತು. ಛೇದಗಳನ್ನು ಕೂಡಿದ್ದರೆ 2ದ/2ವ, ಅಂದರೆ ಎರಡೂವರೆ ಗಂಟೆಯೂ ಇಲ್ಲ. ಬರುವುದಕ್ಕೇ ಮೂರು ಗಂಟೆ ಬೇಕಾಗಿರುವಾಗ ಇದು ಹೇಗೆ ಸಾಧ್ಯ? ಒಂದು ಬೆಲೆಗೆ ತಾಳೆಯಾದ ಮಾತ್ರಕ್ಕೆ ಉತ್ತರ ಸರಿಯೆಂದು ಸಾಧಿಸಿದಂತಲ್ಲ. ತಾಳೆಯಾಗದಿದ್ದರೆ ಮಾತ್ರ ತಪ್ಪಿರುವುದು ಖಂಡಿತ. ವ = 2 ಎಂದು ಹಾಕಬೇಡಿ; ಛೇದ ಸೊನ್ನೆಯಾಗುತ್ತದೆ. ಸೆಳವಿನಷ್ಟೇ ವೇಗದ ದೋಣಿ ಎದುರು ನೀರಿನಲ್ಲಿ ನಿಂತಲ್ಲೇ ನಿಲ್ಲುತ್ತದೆ, ಊರು ಮುಟ್ಟುವುದೇ ಇಲ್ಲ.

ಛೇದಗಳನ್ನು ಯಾವಾಗಲೂ ಗುಣಿಸಿಬಿಡುವುದೂ ಜಾಣತನವಲ್ಲ. 5/(ವ²−4) + 1/(ವ−2) ನೋಡಿ. ಮೊದಲ ಛೇದವನ್ನು ಅಪವರ್ತಿಸಿದರೆ ಎರಡನೆಯದು ಅದರೊಳಗೇ ಇದೆ. ಹಾಗಾಗಿ ಲ.ಸಾ.ಅ. ವ²−4 ಮಾತ್ರ. ಉತ್ತರ (5+ವ+2)/(ವ²−4), ಅಂದರೆ (ವ+7)/(ವ²−4). ಮೊದಲು ಅಪವರ್ತಿಸಿ, ಆಮೇಲೆ ಲ.ಸಾ.ಅ. ಹುಡುಕಿ.

ಈ ಉಪಾಯ ನಮ್ಮ ನಾಡಿಗೆ ಹಳೆಯದು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಭಿನ್ನರಾಶಿಗಳನ್ನು ಕೂಡಲು ಛೇದಗಳ ಲ.ಸಾ.ಅ. ಕಂಡುಕೊಳ್ಳುವ ಕ್ರಮ ಅದರಲ್ಲಿದೆ. ಅವರು ಅದನ್ನು ‘ನಿರುದ್ಧ’ ಎಂದು ಕರೆದರು. ಎಂ. ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಹೊರತಂದರು. ಇಂದು ನೀವು ಕಷ್ಟವೆನ್ನುವ ಹೆಜ್ಜೆಯನ್ನು ಸುಮಾರು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಕನ್ನಡ ನಾಡಿನಲ್ಲಿ ಕಲಿಸುತ್ತಿದ್ದರು.

ಈ ವಾರದ ಅಭ್ಯಾಸ: 3/(ಅ−1) − 2/(ಅ+1) ಸುಲಭೀಕರಿಸಿ. ಉತ್ತರ (ಅ+5)/(ಅ²−1) ಬರಬೇಕು. ಅ = 3 ಎಂದು ಹಾಕಿದರೆ ಎರಡೂ ಕಡೆ 1. ನಿಮಗೆ (ಅ+1)/(ಅ²−1) ಬಂದಿದ್ದರೆ ಆವರಣದ ಮುಂದಿನ ಕಳೆಯುವ ಚಿಹ್ನೆಯನ್ನು ಮತ್ತೊಮ್ಮೆ ನೋಡಿ. ಅ = 3 ಹಾಕಿದಾಗ ಅದು 1/2 ಆಗುತ್ತದೆ. ತಪ್ಪನ್ನು ಹಿಡಿಯಲು ಮೇಷ್ಟರು ಬರುವವರೆಗೆ ಕಾಯಬೇಕಾಗಿಲ್ಲ.