ಮನೆವಾರ್ತೆ: ರಬ್ಬರಿನ ನೆಲಹಾಸು ಎಲ್ಲಿ ಬೇಕು, ಎಲ್ಲಿ ಬೇಡ

ಕೊಟ್ಟೂರಿನಿಂದ ಸೋದರಿಯೊಬ್ಬರು ಈ ಪುಟಕ್ಕೆ ದೀರ್ಘವಾದ ಪತ್ರವೊಂದನ್ನು ಬರೆದು ಸಲಹೆ ಕೇಳಿರುವರು. ಅವರದು ಹಳೆಯ ಮಾಳಿಗೆ ಮನೆ. ಪಡಸಾಲೆಗೆ ಹಿಂದಿನವರು ಹಾಕಿಸಿದ ಬಂಡೆಯ ಹಾಸು ಇನ್ನೂ ಗಟ್ಟಿಯಾಗಿದೆ; ಅಡಿಗೆಮನೆಗೂ ಬಚ್ಚಲಿಗೂ ಈಚೆಗೆ ನುಣುಪಾದ ಟೈಲ್ಸು ಕೂಡಿಸಿದರಂತೆ. ಹೋದ ವರ್ಷ ಗುರು ಕೊಟ್ಟೂರೇಶ್ವರರ ತೇರಿನ ಕಾಲದಲ್ಲಿ, ದಾವಣಗೆರೆಯಿಂದ ಕಾಲ್ನಡಿಗೆಯಲ್ಲಿ ಬಂದ ನೆಂಟರಿಷ್ಟರಿಂದ ಮನೆ ತುಂಬಿಹೋಗಿ, ಬೆಳಗಿನಿಂದ ರಾತ್ರಿಯವರೆಗೂ ಬಚ್ಚಲ ನೆಲ ಒಣಗಲೇ ಇಲ್ಲ. ಆ ಗದ್ದಲದಲ್ಲಿ 72 ವರ್ಷದ ಅತ್ತೆಯವರು ಕಾಲು ಜಾರಿ ಬಿದ್ದು ಮುಂಗೈ ಮುರಿದುಕೊಂಡರು. “ಕೈಯೇನೋ ಕೂಡಿಕೊಂಡಿದೆ, ಧೈರ್ಯ ಮಾತ್ರ ಇನ್ನೂ ಕೂಡಿಕೊಂಡಿಲ್ಲ. ‘ನಾ ಇನ್ನ ಒಬ್ಬಾಕಿ ಬಚ್ಚಲಿಗೆ ಹೋಗಂಗಿಲ್ಲವ್ವ’ ಎನ್ನುತ್ತಾರೆ. ಮನೆಯವರು ಇಡೀ ಮನೆಗೆ ರಬ್ಬರಿನ ಟೈಲ್ಸು ಹಾಸಿಬಿಡುವೆವೆಂದು ಹೊರಟಿದ್ದಾರೆ. ಇದರಿಂದ ನಿಜವಾಗಿ ಉಪಯೋಗವುಂಟೆ?” ಎಂಬುದು ಆ ಸೋದರಿಯ ಪ್ರಶ್ನೆ.

ಉತ್ತರವನ್ನು ಮೊದಲೇ ಹೇಳಿಬಿಡುವೆನು. ಉಪಯೋಗವುಂಟು, ಆದರೆ ಇಡೀ ಮನೆಗಲ್ಲ. ರಬ್ಬರು ತನಗೆ ತಕ್ಕ ಎಡೆಯಲ್ಲಿ ಕಾಲನ್ನು ಹಿಡಿದು ಕಾಯುವುದು. ತಕ್ಕುದಲ್ಲದ ಎಡೆಯಲ್ಲಿ ಹಾಕಿದರೆ, ಇಲ್ಲವೆ ಕೆಟ್ಟದಾಗಿ ಹಾಕಿದರೆ, ಅದೇ ಕಾಲಿಗೆ ತೊಡರಾಗುವುದು.

ಈ ಪ್ರಶ್ನೆಯನ್ನು ಅಲ್ಪವೆಂದು ಯಾರೂ ಎಣಿಸಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದ ಪೆಟ್ಟಿನಿಂದಲೇ ಮರಣ ಹೊಂದುವರು. ಅವರಲ್ಲಿ 60 ವರ್ಷ ದಾಟಿದವರ ಪಾಲೇ ಹೆಚ್ಚು. ಒಮ್ಮೆ ಬಿದ್ದ ಹಿರಿಯರು ಹೆದರಿ ಓಡಾಟವನ್ನು ಕಡಿಮೆ ಮಾಡುವರು. ಓಡಾಟ ಕಡಿಮೆಯಾದೊಡನೆ ಕಾಲಿನ ಬಲ ಕುಗ್ಗುವುದು. ಬಲ ಕುಗ್ಗಿದವರು ಮತ್ತೆ ಬೀಳುವರು. ಆದಕಾರಣ ನೆಲವನ್ನು ಸರಿಪಡಿಸುವುದೆಂದರೆ ಅತ್ತೆಯವರ ನಡಿಗೆಯನ್ನು ಅವರಿಗೆ ಹಿಂದಿರುಗಿಸುವುದೆಂದೇ ಅರ್ಥ.

ನಮ್ಮ ಹಿರಿಯರ ಮನೆಗಳಲ್ಲಿ ಈ ತೊಂದರೆ ಇಷ್ಟಾಗಿ ಇರಲಿಲ್ಲ. ಸಗಣಿ ಸಾರಿಸಿದ ನೆಲ, ಒರಟಾದ ಬಂಡೆ, ಗಚ್ಚು ಇವೆಲ್ಲವೂ ಅಂಗಾಲಿಗೆ ಸ್ವಲ್ಪ ಹಿಡಿತವನ್ನು ಕೊಡುತ್ತಿದ್ದವು. ಗಚ್ಚೆಂಬ ಮಾತು ಕೊಟ್ಟೂರಿನವರಿಗೆ ಹೊಸದೇನೂ ಅಲ್ಲ. ಅವರ ಊರಿನಲ್ಲಿ ಗಚ್ಚಿನಮಠವೇ ಇದೆಯಲ್ಲವೆ? ಮೆರುಗು ಕೊಟ್ಟ ಟೈಲ್ಸಿನ ಮೇಲಾದರೋ ನೀರು ತೆಳುವಾದ ಪೊರೆಯಾಗಿ ನಿಂತು ಅಂಗಾಲಿಗೂ ನೆಲಕ್ಕೂ ನಡುವೆ ಬರುವುದು. ಸಾಬೂನು ಬೆರೆತರಂತೂ ಹೇಳತಕ್ಕುದೇ ಇಲ್ಲ. ರಬ್ಬರು ತೂಕ ಬಿದ್ದಲ್ಲಿ ತುಸು ಬಾಗಿ ಅಂಗಾಲಿಗೆ ಹೊಂದಿಕೊಳ್ಳುವುದರಿಂದ ಹಿಡಿತ ಹೆಚ್ಚು. ಆದರೆ ನುಣುಪಾದ ರಬ್ಬರಿನ ಮೇಲೆ ನೀರು ನಿಂತರೆ ಅದೂ ಜಾರುವುದು. ಬೊಟ್ಟು, ಗೆರೆ ಅಥವಾ ತೂತುಗಳಿದ್ದರೆ ಮಾತ್ರ ನೀರಿಗೆ ಸರಿದುಹೋಗಲು ದಾರಿಯುಂಟು.

ಈ ಪದಾರ್ಥದ ಪೂರ್ವೋತ್ತರವೂ ತಿಳಿಯತಕ್ಕುದೇ. ಹಸಿ ರಬ್ಬರು ಬಿಸಿಲಿಗೆ ಅಂಟಾಗಿ ಚಳಿಗೆ ಬಿರುಸಾಗುತ್ತಿತ್ತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬಾತನು ಅದನ್ನು ಗಂಧಕದೊಡನೆ ಕಾಯಿಸಿ ಈ ದೋಷವನ್ನು ನೀಗುವ ಬಗೆಯನ್ನು ಕಂಡುಹಿಡಿದನು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬಾತನು ಬ್ರೆಜಿಲಿನಿಂದ ಸುಮಾರು 70,000 ಬೀಜಗಳನ್ನು ಇಂಗ್ಲೆಂಡಿನ ಕ್ಯೂ ತೋಟಕ್ಕೆ ಸಾಗಿಸಿದ ಮೇಲೆ ಆ ಮರ ಏಷ್ಯಾ ಖಂಡಕ್ಕೆ ಹಬ್ಬಿತು. ನಮ್ಮ ನಾಡಿನ ಸುಳ್ಯ, ಪುತ್ತೂರುಗಳ ಕಡೆಯಲ್ಲಿಯೂ ಇಂದು ರಬ್ಬರು ತೋಟಗಳಿವೆ. ಒಂದಕ್ಕೊಂದು ಹೆಣೆದುಕೊಳ್ಳುವ ರಬ್ಬರು ಹಾಸಿಗೆ ಫಿಲಡೆಲ್ಫಿಯದ ಶಿಲ್ಪಿ ಫ್ರಾಂಕ್ ಫರ್ನೆಸ್ 1894ರಲ್ಲಿಯೇ ಹಕ್ಕುಪತ್ರ ಪಡೆದನು. ಹೀಗಿರಲು ಇದು ನಿನ್ನೆ ಮೊನ್ನೆಯ ಹೊಸ ಬೆಡಗಲ್ಲ.

ಅಂಗಡಿಯಲ್ಲಿ ರಬ್ಬರೆಂಬ ಒಂದೇ ಹೆಸರಿನಿಂದ ಮುಖ್ಯವಾಗಿ ನಾಲ್ಕು ಬಗೆಯ ಸಾಮಾನು ಮಾರಾಟವಾಗುವುದು. ಮೊದಲನೆಯದು ಅಚ್ಚಿನಲ್ಲಿ ಒತ್ತಿದ, ಮೇಲೆ ಬೊಟ್ಟುಗಳಿರುವ, ತೆಳುವಾದ ಗಟ್ಟಿ ಹಲಗೆ. ಎರಡನೆಯದು ಹಳೆಯ ಟೈರುಗಳನ್ನು ಪುಡಿಮಾಡಿ ಅಂಟಿನಿಂದ ಕೂಡಿಸಿದ ದಪ್ಪ ಹಲಗೆ. ಇದು ಅಗ್ಗವಾದುದು, ಪೆಟ್ಟನ್ನು ತಾಳಿಕೊಳ್ಳುವಂಥದು, ಆದರೆ ಸೂಕ್ಷ್ಮರಂಧ್ರಗಳಲ್ಲಿ ನೀರನ್ನು ಹೀರಿ ಇಟ್ಟುಕೊಳ್ಳುವುದು, ಹೊಸದರಲ್ಲಿ ವಾಸನೆಯೂ ಉಂಟು. ಮೂರನೆಯದು ತೂತುಗಳುಳ್ಳ, ಎತ್ತಿ ತೊಳೆಯತಕ್ಕ ಬಿಡಿ ಹಾಸು. ನಾಲ್ಕನೆಯದು ಬಣ್ಣಬಣ್ಣದ ಹಗುರವಾದ ನೊರೆಹಲಗೆ. ನಿಜವಾಗಿ ಅದು ರಬ್ಬರೇ ಅಲ್ಲ. ಕೈಯಲ್ಲಿ ಹಿಡಿದರೆ ತೂಕವೇ ಇರದು, ಉಗುರಿನಿಂದ ಒತ್ತಿದರೆ ಗುರುತು ಉಳಿಯುವುದು. ಮಕ್ಕಳ ಆಟಕ್ಕೆ ಅದು ಸಾಕು. ಮುದುಕರ ನಡಿಗೆಗೆ ಸಲ್ಲದು.

ಇನ್ನು ಯಾವ ಎಡೆಗೆ ಯಾವುದು ಎಂಬುದನ್ನು ನೋಡೋಣ.

ಬಚ್ಚಲಿಗೆ ಮೂರನೆಯ ಬಗೆಯ ಹಾಸೇ ಲೇಸು. ಅದರ ಅಡಿಯಲ್ಲಿ ನೀರು ಹರಿದುಹೋಗಬೇಕು. ದಿನಕ್ಕೊಮ್ಮೆ ಎತ್ತಿ ಗೋಡೆಗೆ ಒರಗಿಸಿ ಒಣಗಿಸಬೇಕು. ಟೈರುಪುಡಿಯ ಹಲಗೆಯನ್ನು ಬಚ್ಚಲಿಗೆ ಅಂಟಿಸಿದರೆ ಒಂದೆರಡು ತಿಂಗಳಲ್ಲಿಯೇ ಅಡಿಯಲ್ಲಿ ಪಾಚಿಯೂ ದುರ್ವಾಸನೆಯೂ ಹುಟ್ಟುವುವು. ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವ ಎಡೆಯಲ್ಲಿ ನಿಲ್ಲುವಷ್ಟು ಅಗಲಕ್ಕೆ ಮಾತ್ರ ಬೊಟ್ಟಿನ ಹಲಗೆ ಇದ್ದರೆ ಕಾಲುನೋವಿಗೂ ಹಿತ. ಒಲೆಯ ಬಳಿ ಬೇಡ. ರಬ್ಬರಿಗೆ ಬೆಂಕಿ ಹತ್ತಿದರೆ ಕಪ್ಪಾದ ಉಸಿರುಕಟ್ಟಿಸುವ ಹೊಗೆ ಏಳುವುದು. ಎಣ್ಣೆ ಬಿದ್ದರೆ ಅದು ಉಬ್ಬಿ ಮೆತ್ತಗಾಗುವುದು. ಮಂಡಕ್ಕಿಗೆ ಮೆಣಸಿನಕಾಯಿ ಕರಿಯದ ಮನೆ ನಿಮ್ಮ ಊರಿನಲ್ಲಿ ಯಾವುದಿದೆ? ಇದೇ ಕಾರಣದಿಂದ ದೀಪ, ಕರ್ಪೂರ ಉರಿಯುವ ದೇವರಮನೆಗೂ ಅದು ತಕ್ಕುದಲ್ಲ.

ಮಲಗುವ ಕೋಣೆಗೂ ಗಾಳಿಯಾಡದ ಸಣ್ಣ ಕೋಣೆಗೂ ಟೈರುಪುಡಿಯ ಹಾಸು ಬೇಡ. ಮಾಳಿಗೆಗೂ ಅಂಗಳಕ್ಕೂ ಕಪ್ಪು ರಬ್ಬರನ್ನು ಹಾಸಿದರೆ ನಿಮ್ಮ ಕಡೆಯ ಬೇಸಗೆಯ ಮಧ್ಯಾಹ್ನ ಬರಿಗಾಲಿನಲ್ಲಿ ಮೆಟ್ಟುವಂತಿಲ್ಲ. ಪಡಸಾಲೆಯ ಬಂಡೆಯಾದರೋ ಒಣಗಿದೆ, ಒರಟಾಗಿದೆ, ಬೇಸಗೆಯಲ್ಲಿ ತಂಪಾಗಿದೆ. ಅದನ್ನು ಮುಚ್ಚುವುದು ಇದ್ದ ಒಳ್ಳೆಯದನ್ನು ಹಣ ಕೊಟ್ಟು ಕಳೆದುಕೊಂಡಂತೆ.

ಕೊಟ್ಟಿಗೆಯಿರುವ ಮನೆಯವರಿಗೆ ಒಂದು ಮಾತು. ಸಿಮೆಂಟಿನ ನೆಲದ ಮೇಲೆ ಏಳುವಾಗ, ಮಲಗುವಾಗ ಹಸುವಿನ ಮೊಣಕಾಲು ಕೆತ್ತಿಹೋಗುವುದು, ಗೊರಸು ಸವೆಯುವುದು. ಇದಕ್ಕಾಗಿಯೇ ಸುಮಾರು ಆರೂವರೆ ಅಡಿ ಉದ್ದ, ನಾಲ್ಕಡಿ ಅಗಲದ ಭಾರವಾದ ಹಾಸುಗಳು ದೊರೆಯುವುವು. ಕೊಳ್ಳುವ ಮೊದಲು ನೆಲವು ಗಂಜಲದ ಕಾಲುವೆಯ ಕಡೆಗೆ ಇಳಿಜಾರಾಗಿದೆಯೇ ಎಂದು ನೋಡತಕ್ಕದ್ದು. ಇಳಿಜಾರಿಲ್ಲದ ಕೊಟ್ಟಿಗೆಯಲ್ಲಿ ರಬ್ಬರು ಗಂಜಲವನ್ನು ಅಡಿಯಲ್ಲಿ ಕೂಡಿಟ್ಟು ಕೆಚ್ಚಲಿಗೆ ರೋಗ ತರುವುದು. ಕುಸ್ತಿಯ ಗರಡಿಗೆ ಹದವಾದ ಮಣ್ಣೇ ಸಾಕು. ಆದರೆ ಕಬ್ಬಿಣದ ಭಾರಗಳನ್ನೆತ್ತುವ ಹೊಸ ಬಗೆಯ ವ್ಯಾಯಾಮಶಾಲೆಗೆ 20 ಮಿಲಿಮೀಟರಿಗೆ ಕಡಿಮೆಯಿಲ್ಲದ ಟೈರುಪುಡಿಯ ಹಲಗೆ ಬೇಕು. ಶಾಲೆಯ ಜಾರುಬಂಡೆ, ಉಯ್ಯಾಲೆಗಳ ಕೆಳಗೆ 40, 50 ಮಿಲಿಮೀಟರು ದಪ್ಪದ ಹಲಗೆಗಳನ್ನು ಹಾಕುವರು. ಹಣವಿಲ್ಲದ ಶಾಲೆಯವರು ಸಡಿಲವಾದ ಮರಳನ್ನು ಒಂದಡಿ ಆಳ ತುಂಬಿ ಆಗಾಗ ಕೆದರುತ್ತಿದ್ದರೆ ಅದೂ ಒಳ್ಳೆಯ ರಕ್ಷಣೆಯೇ.

ಇಷ್ಟು ದಪ್ಪವಾದುದನ್ನು ಕಂಡು ಅತ್ತೆಯವರ ದಾರಿಗೂ ಅದನ್ನೇ ತರಬೇಡಿರಿ. ಹೆಚ್ಚು ಮೆತ್ತಗಿರುವ ನೆಲದ ಮೇಲೆ ಮುದಿಗಾಲು ತೂಗಾಡುವುದು. ಅವರಿಗೆ 4ರಿಂದ 6 ಮಿಲಿಮೀಟರಿನ ಗಟ್ಟಿ ಹಲಗೆಯೇ ಯೋಗ್ಯ. ಅಡಿಗೆಮನೆಯ ಬಾಗಿಲಿನಿಂದ ಬಚ್ಚಲ ಹೊಸ್ತಿಲಿನವರೆಗೆ ನುಣುಪು ಟೈಲ್ಸಿನ ದಾರಿ 12 ಅಡಿಯಿದೆಯೆಂದು ಇಟ್ಟುಕೊಳ್ಳಿರಿ. ಅರ್ಧ ಮೀಟರು ಚೌಕದ ಹಲಗೆಯ ಬದಿ ಸುಮಾರು 1.64 ಅಡಿ, ಎರಡು ಸಾಲು ಹಾಕಿದರೆ ಮೂರೂಕಾಲು ಅಡಿ ಅಗಲದ ದಾರಿಯಾಗುವುದು. ಸಾಲಿಗೆ 8ರಂತೆ 16 ಹಲಗೆ. ಕತ್ತರಿಸುವಾಗ ಕೆಡುವುದಕ್ಕೆಂದು 2 ಸೇರಿಸಿದರೆ 18. ಇಡೀ ಮನೆಗೆ ಆಗುವ ವೆಚ್ಚದಲ್ಲಿ ಇದು ಎಷ್ಟು ಸಣ್ಣ ಪಾಲೆಂಬುದನ್ನು ಮನೆಯವರಿಗೆ ಲೆಕ್ಕ ಹಾಕಿ ತೋರಿಸಿರಿ.

ಹಾಸುವ ಕೆಲಸದಲ್ಲಿ ಮುಕ್ಕಾಲು ಪಾಲು ಹಾಸುವ ಮೊದಲೇ ಮುಗಿಯಬೇಕು. ಇದನ್ನು ನಾನು ಅನುಭವದಿಂದ ಕಲಿತೆನು. ನಮ್ಮ ಮನೆಯ ಹಿಂಬದಿಯ ನಡೆಗೆ ಮಳೆಗಾಲದಲ್ಲಿ ಅವಸರಪಟ್ಟು ಹಲಗೆ ಅಂಟಿಸಿದೆವು. ನೆಲದಲ್ಲಿ ತೇವವಿದೆಯೇ ಎಂದು ಯಾರೂ ನೋಡಲಿಲ್ಲ. ಎರಡು ತಿಂಗಳಲ್ಲಿ ಅಂಟು ಬಿಟ್ಟು ಒಂದು ಮೂಲೆ ನಾಲಿಗೆಯಂತೆ ಮೇಲೆದ್ದಿತು. ಕೈಯಲ್ಲಿ ಹಾಲಿನ ಪಾತ್ರೆ ಹಿಡಿದು ಬರುತ್ತಿದ್ದ ನಾನೇ ಅದಕ್ಕೆ ಎಡವಿದೆನು. ಬೀಳಬಾರದೆಂದು ಹಾಸಿದ ಹಾಸೇ ನನ್ನನ್ನು ಬೀಳಿಸಿತು.

ಆದುದರಿಂದ ಮೊದಲು ತೇವದ ಪರೀಕ್ಷೆ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹರಡಿ ನಾಲ್ಕು ಅಂಚುಗಳನ್ನೂ ಅಂಟುಪಟ್ಟಿಯಿಂದ ಮುಚ್ಚಿ ಒಂದು ಹಗಲು ಒಂದು ರಾತ್ರಿ ಬಿಡಿರಿ. ಎತ್ತಿದಾಗ ಅಡಿಯಲ್ಲಿ ನೀರಹನಿ ಕಂಡರೆ, ಇಲ್ಲವೆ ನೆಲ ಕಪ್ಪಿಟ್ಟಿದ್ದರೆ, ಅಂಟಿಸುವ ಮಾತನ್ನೇ ಬಿಡಿರಿ. ಗೋಡೆಯ ಬುಡದಲ್ಲಿ ಬಿಳಿಯ ಚೌಳು ಏಳುತ್ತಿದ್ದರೂ ಅದೇ ಮಾತು. ಹೊಸ ಸಿಮೆಂಟಾದರೆ ಒಂದು ತಿಂಗಳಾದರೂ ಒಣಗಿರಬೇಕು. ಸಗಣಿ ಸಾರಿಸುವ ಮಣ್ಣಿನ ನೆಲಕ್ಕೆ ಎಂದಿಗೂ ಅಂಟಿಸಬಾರದು.

ಹಲಗೆಗಳನ್ನು ತಂದೊಡನೆ ಹಾಸದೆ ಅದೇ ಕೋಣೆಯಲ್ಲಿ ಒಂದು ದಿನ ಬಿಡಿಯಾಗಿ ಹರಡಿಡಿರಿ. ರಬ್ಬರು ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗುವ ಪದಾರ್ಥ. ರಸಮಟ್ಟವಿಟ್ಟು ನೆಲದ ಏರುತಗ್ಗುಗಳನ್ನು ನೋಡಿ ಸಂದುಗಳನ್ನು ತುಂಬಿಸಿರಿ. ನುಣುಪು ಟೈಲ್ಸಿನ ಮೇಲಾದರೆ ಜಿಡ್ಡನ್ನು ತೊಳೆದು, ಉಜ್ಜುಕಾಗದದಿಂದ ಮೆರುಗು ತೆಗೆಯಿಸಿರಿ. ಇಡೀ ಕೋಣೆಗೆ ಹಾಸುವವರು ಗೋಡೆಯಿಂದ ತೊಡಗದೆ ನಡುವಿನಿಂದ ತೊಡಗಬೇಕು. ಸುಣ್ಣ ಬಳಿದ ದಾರವನ್ನು ಎಳೆದು ಮೀಟಿ ಅಡ್ಡ ಗೆರೆ, ಉದ್ದ ಗೆರೆ ಮೂಡಿಸಿ, ಒಂದು ಗೆರೆಯಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತಿಟ್ಟು ಅಳೆದರೆ ಓರೆಯ ಅಳತೆ 5 ಅಡಿ ಬರಬೇಕು. ಬಂದರೆ ಮೂಲೆ ಸರಿಯಾಗಿದೆ. ಅಂಟಿಲ್ಲದೆ ಒಮ್ಮೆ ಎಲ್ಲವನ್ನೂ ಜೋಡಿಸಿ ನೋಡಿದ ಮೇಲೆಯೇ ಕತ್ತರಿಸತಕ್ಕದ್ದು. ಕತ್ತಿಯ ಬಾಯನ್ನು ಸಾಬೂನು ನೀರಿನಲ್ಲಿ ಅದ್ದಿ, ಒಂದೇ ಏಟಿಗೆ ಬಲ ಹಾಕದೆ ಮೂರು ನಾಲ್ಕು ಸಲ ಎಳೆದರೆ ರಬ್ಬರು ಅಂದವಾಗಿ ಸೀಳುವುದು. ಗೋಡೆಯ ಬಳಿ ಕಾಲಂಗುಲ ಎಡೆ ಬಿಡಿರಿ. ಹಲ್ಲಿನಂಚುಳ್ಳ ಕರಣೆಯಿಂದ ಅಂಟನ್ನು ಸಮವಾಗಿ ಎಳೆದು, ಹಲಗೆಯನ್ನು ಕೂರಿಸಿ, ಭಾರವಾದ ಉರುಳೆಯಿಂದ ಒತ್ತಿಸಿ, ಒಂದು ದಿನ ಯಾರೂ ಮೆಟ್ಟದಂತೆ ನೋಡಿಕೊಳ್ಳಿರಿ. ಬಾಗಿಲು ಹಲಗೆಯ ಮೇಲೆ ಉಜ್ಜದೆ ತೆರೆಯುವುದೇ ಎಂಬುದನ್ನೂ, ದಾರಿಯ ಅಂಚುಗಳಿಗೆ ಇಳಿಜಾರು ಪಟ್ಟಿ ಕೂಡಿಸಿದರೇ ಎಂಬುದನ್ನೂ ನೋಡದೆ ಮೇಸ್ತ್ರಿಯನ್ನು ಬೀಳ್ಕೊಡಬೇಡಿರಿ. ಮುಂದೆ ಒರೆಸುವಾಗ ಇರುವೆ ಬಾರದಿರಲೆಂದು ನೀರಿಗೆ ಸೀಮೆಎಣ್ಣೆ ಬೆರೆಸುವ ರೂಢಿ ಈ ನೆಲಕ್ಕೆ ಸಲ್ಲದು. ಮೆದುವಾದ ಸಾಬೂನು ನೀರೇ ಸಾಕು.

ಇನ್ನೆರಡು ಮಾತುಗಳನ್ನು ಅಂಗಡಿಯವರು ಹೇಳಲಾರರು, ಅದಕ್ಕಾಗಿ ನಾನು ಹೇಳುವೆನು. ಬಚ್ಚಲ ಗೋಡೆಗೆ ಸೊಂಟದೆತ್ತರದಲ್ಲಿ ಭದ್ರವಾದ ಲೋಹದ ಹಿಡಿಕೆಯನ್ನು ಕೂಡಿಸಿರಿ. ಹೋಗುವ ದಾರಿಯಲ್ಲಿ ರಾತ್ರಿಯೆಲ್ಲ ಉರಿಯುವ ಸಣ್ಣ ದೀಪವೊಂದನ್ನು ಇಡಿರಿ. ಇವೆರಡಿಲ್ಲದೆ ರಬ್ಬರೊಂದೇ ಕೆಲಸವನ್ನು ಪೂರೈಸಲಾರದು.

ಕೊನೆಯದಾಗಿ, ಹಲಗೆಯನ್ನು ಆರಿಸುವ ಅಧಿಕಾರವನ್ನು ಅತ್ತೆಯವರಿಗೇ ಬಿಡಿರಿ. ಎರಡು ಮೂರು ಬಗೆಯ ಮಾದರಿಗಳನ್ನು ತಂದು, ನೆಲದ ಮೇಲಿಟ್ಟು, ಒಂದು ಚೆಂಬು ನೀರು ಹೊಯ್ದು, ನೀವು ಅವರ ಕೈ ಹಿಡಿದು ಬರಿಗಾಲಿನಲ್ಲಿ ಮೆಟ್ಟಿಸಿರಿ. ಯಾವುದರ ಮೇಲೆ ಅವರು ನಿಮ್ಮ ಕೈಯನ್ನು ತಾವಾಗಿಯೇ ಸಡಿಲಿಸುವರೋ ಅದನ್ನು ಕೊಳ್ಳಿರಿ. ಮುಂದಿನ ತೇರಿಗೆ ಮನೆ ಮತ್ತೆ ನೆಂಟರಿಂದ ತುಂಬಿದಾಗ, ಅವರು ಯಾರನ್ನೂ ಕರೆಯದೆ ಬಚ್ಚಲಿಗೆ ಹೋಗಿಬಂದರೆಂಬ ಒಂದು ಸಾಲನ್ನು ಈ ಪುಟಕ್ಕೆ ಬರೆಯುವುದನ್ನು ಮರೆಯಬೇಡಿರಿ.