ರೇಡಿಯೋ ಪ್ರಚಾರವೂ ಗ್ರಾಮದ ಸರಕೂ

ಒಳ್ಳೆಯ ಸರಕಿಗೆ ಡಂಗುರವೇಕೆಂದು ಕೇಳುವವರು ಪ್ರತಿಯೊಂದು ಗ್ರಾಮದಲ್ಲಿಯೂ ಇರುವರು. ಆದರೆ ಸರಕಿನ ಗುಣವು ಕೊಳ್ಳುವವನಿಗೆ ತಿಳಿಯದಿದ್ದರೆ ಅದು ಅಟ್ಟದಲ್ಲಿಯೇ ಉಳಿಯುವುದು. ಸುಳ್ಯ ತಾಲೂಕಿನ ಅನೇಕ ಅಡಿಕೆತೋಟಗಳು ಹಳದಿ ಎಲೆ ರೋಗದಿಂದ ಕ್ಷೀಣಿಸಿರುವಾಗ, ಜೇನು, ಹಲಸಿನ ಹಪ್ಪಳ, ಕಾಳುಮೆಣಸು ಮೊದಲಾದವುಗಳ ಮಾರಾಟವು ಕೈಖರ್ಚಿನ ಮಾತಲ್ಲ, ಸಂಸಾರನಿರ್ವಾಹದ ಮಾತಾಗಿದೆ.

ಮಂಗಳೂರು ಆಕಾಶವಾಣಿಯು 1976ರಿಂದ ಇಲ್ಲಿಯ ಕೃಷಿಕರಿಗೆ ಪರಿಚಿತವಾದುದು. ಪುತ್ತೂರಿನಲ್ಲಿ 90.8 ಎಫ್.ಎಂ. ತರಂಗದ ‘ರೇಡಿಯೋ ಪಾಂಚಜನ್ಯ’ವೆಂಬ ಸಮುದಾಯ ಬಾನುಲಿಯೂ ಉಂಟು. 2024ರ ಪರಿಷ್ಕೃತ ನಿಯಮಗಳ ಮೇರೆಗೆ ಸಮುದಾಯ ಬಾನುಲಿಗಳು ಗಂಟೆಗೆ 12 ನಿಮಿಷ ಜಾಹೀರಾತು ಬಿತ್ತರಿಸಬಹುದು. ಸರಕಾರಿ ಜಾಹೀರಾತಿನ ದರವು 10 ಸೆಕೆಂಡಿಗೆ 74 ರೂಪಾಯಿ. ಇದನ್ನೇ ಅಂದಾಜಿಗೆ ಹಿಡಿದರೆ, ದಿನಕ್ಕೊಮ್ಮೆ ಅರ್ಧ ನಿಮಿಷದಂತೆ ಹತ್ತು ದಿನಗಳಿಗೆ 2,220 ರೂಪಾಯಿ ತಗಲುವುದು. ಒಬ್ಬನಿಗೆ ಇದು ಭಾರವಾದರೂ, ಇಪ್ಪತ್ತು ಮನೆಯವರು ಕೂಡಿದರೆ ತಲಾ 111 ರೂಪಾಯಿ ಮಾತ್ರ.

ಆದರೆ ಬರಿಯ ಹೊಗಳಿಕೆಯಿಂದ ಸರಕು ಮಾರಾಟವಾಗದು, ತಿಳಿವಳಿಕೆಯನ್ನೂ ಕೊಡತಕ್ಕದ್ದು. ರಬ್ಬರ್ ತೋಟಗಳಿಂದ ಬರುವ ಜೇನು ಬೇಗನೆ ಹರಳುಗಟ್ಟುವುದು. ಪೇಟೆಯವರು ಇದನ್ನು ಕಂಡು ಸಕ್ಕರೆ ಬೆರೆಸಿದ್ದಾರೆಂದು ಸಂಶಯಪಡುವರು. ಹರಳುಗಟ್ಟುವುದು ಜೇನಿನ ಸ್ವಭಾವವೆಂದೂ, ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಪುನಃ ತಿಳಿಯಾಗುವುದೆಂದೂ ಅನುಭವಸ್ಥರೊಬ್ಬರು ಬಾನುಲಿಯಲ್ಲಿ ವಿವರಿಸಿದರೆ, ಆ ಹತ್ತು ನಿಮಿಷದ ಭಾಷಣವು ನೂರು ಜಾಹೀರಾತಿಗಿಂತ ಮೇಲು. ಅದರ ಬೆನ್ನಿಗೆ ಸರಕಿನ ಹೆಸರು, ತೂಕ, ಬೆಲೆ, ದೊರೆಯುವ ಸ್ಥಳ ಇಷ್ಟನ್ನು ಸ್ಪಷ್ಟವಾಗಿ ಸಾರಿದರೆ ಸಾಕು.

ಎರಡು ಎಚ್ಚರಿಕೆಗಳು ಅವಶ್ಯ. ಸಮುದಾಯ ಬಾನುಲಿಯ ಧ್ವನಿಯು ಸಾಮಾನ್ಯವಾಗಿ ಹತ್ತು ಹದಿನೈದು ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗದು; ಗುಡ್ಡಗಳು ಅದನ್ನು ಮತ್ತಷ್ಟು ತಡೆಯುವುವು. ಆದುದರಿಂದ ಸುಳ್ಯ, ಕಡಬಗಳವರು ಪುತ್ತೂರು ಪೇಟೆಯ ಗಿರಾಕಿಗಳನ್ನು ಕರೆಯಲು ಅದನ್ನು ಉಪಯೋಗಿಸಬಹುದು. ತಮ್ಮೂರಿನಲ್ಲಿಯೇ ಪ್ರಚಾರವಾಗಬೇಕಾದರೆ ಧ್ವನಿಯು ಅಲ್ಲಿ ಕೇಳುವುದೋ ಎಂದು ಮೊದಲು ಪರೀಕ್ಷಿಸಿ ನೋಡಬೇಕು. ಎರಡನೆಯದು ಹೆಚ್ಚಿನದು: ಸಾರಿದ ಸರಕು ಸಾರಿದ ದಿನ ಸಾಕಷ್ಟು ಇರಬೇಕು, ಶುದ್ಧವಾಗಿಯೂ ಇರಬೇಕು. ಒಂದು ಬಾಟಲಿಯ ಕಲಬೆರಕೆಯು ಇಡೀ ಗ್ರಾಮದ ಹೆಸರನ್ನು ಕೆಡಿಸುವುದು. ಬಾನುಲಿಯಲ್ಲಿ ಸಾರಿದ ಮೇಲಂತೂ ಆ ಕೆಟ್ಟ ಹೆಸರು ಮನೆಮನೆಗೂ ಮುಟ್ಟುವುದು.

ಆದಕಾರಣ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಸಹಕಾರಿ ಸಂಘದ ಮೂಲಕ ಸರಕನ್ನು ಒಟ್ಟುಗೂಡಿಸಿ, ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿ, ಪರೀಕ್ಷಿಸಿ, ಅನಂತರವೇ ಸಾರಿಸತಕ್ಕದ್ದು. ಡಂಗುರಕ್ಕೆ ಮೊದಲು ಕಣಜ ತುಂಬಿರಲಿ.