ಕೂಸು ಕಟ್ಟಿಕೊಂಡು ಇಲ್ಲಿಗ್ಯಾಕೆ ಬಂದಿರಿ?

2025ರ ಜೂನ್ 4ರ ರಾತ್ರಿ ನನಗೆ ಮೇಲಿಂದ ಮೇಲೆ ಫೋನು ಬಂದವು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತ ಸುದ್ದಿ ಟಿ.ವಿ.ಯಲ್ಲಿ ಬರುತ್ತಿತ್ತು. ಹದಿನೆಂಟು ವರ್ಷ ಕಾದು ಆರ್‌ಸಿಬಿ ಕಪ್ಪು ಗೆದ್ದ ಮರುದಿನ ಅದು. ಫೋನು ಮಾಡಿದವರೆಲ್ಲ ನಮ್ಮ ಬಳಗದವರೇ. ಸತ್ತ ಮಕ್ಕಳ ತಾಯಂದಿರ ಗತಿ ಏನು ಎಂದು ಒಬ್ಬರೂ ಕೇಳಲಿಲ್ಲ. "ನೋಡಿದ್ಯಾ? ನಿನ್ನ ಮಗಳೂ ಹಿಂಗ ಕೂಸು ಕಟ್ಕೊಂಡು ಮ್ಯಾಚ್ ನೋಡಾಕ ಹೋಗಿದ್ಲಲ್ಲ. ಇದಕ್ಕ ನಾವು ಬ್ಯಾಡ ಅಂದಿದ್ದು" ಎಂದರು. ಒಬ್ಬರು ಹೇಳಿದ್ದನ್ನೇ ಇನ್ನೊಬ್ಬರು, ಹೆಚ್ಚು ಕಡಿಮೆ ಅದೇ ಮಾತಿನಲ್ಲಿ.

ನನ್ನ ಮಗಳು ಹೋಗಿದ್ದು ಅದಕ್ಕಿಂತ ಒಂದು ವರ್ಷ ಮೊದಲು, ಬೇರೆ ಊರಿನಲ್ಲಿ, ಟಿಕೀಟು ತೆಗೆದುಕೊಂಡು, ಕುರ್ಚಿಯ ನಂಬರು ಹಿಡಿದುಕೊಂಡು. ಜೊತೆಗೆ ನಾನೂ ಹೋಗಿದ್ದೆ. ಆದರೆ ನಮ್ಮ ಜನಕ್ಕೆ ಒಂದು ಚಟವಿದೆ. ಎಲ್ಲಿ ಏನೇ ದುರಂತವಾದರೂ ಅದರ ತುದಿಯನ್ನು ಎಳೆದು ತಂದು ಮನೆಯ ಹೆಣ್ಣುಮಗಳ ಸೆರಗಿಗೆ ಗಂಟು ಹಾಕುವುದು. ಅಂದು ಫೋನು ಇಟ್ಟ ಮೇಲೆ ಹುಟ್ಟಿದ ಸಿಟ್ಟು ಇನ್ನೂ ಆರಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಎಂಟು ತಿಂಗಳ ಕೂಸನ್ನು ಕರೆದುಕೊಂಡು ಮ್ಯಾಚಿಗೆ ಹೋಗುತ್ತೇನೆ ಎಂದು ಮಗಳು ಹೇಳಿದಾಗ ಎಲ್ಲರಿಗಿಂತ ಮೊದಲು ಬೈದವಳು ನಾನೇ. "ಕೂಸಿಗೇನು ತಿಳೀತದ ಕ್ರಿಕೆಟ್ಟು?" ಎಂದೆ. ಅವಳು ಕಾಲೇಜಿನಲ್ಲಿ ಖೋ ಖೋ ಆಡಿದವಳು, ಮಾತಿನಲ್ಲೂ ಓಟಗಾರ್ತಿ. "ಕೂಸಿಗೆ ತಿಳಿಯೂದಿಲ್ಲವ್ವಾ. ನನಗ ತಿಳೀತದಲ್ಲ?" ಎಂದಳು.

ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಯಾಕೆ ಇರಲಿಲ್ಲ ಎನ್ನುವುದಕ್ಕೆ ಒಂದು ಹಳೆಯ ಕಥೆಯಿದೆ.

1996ರ ಮಾರ್ಚ್ 9. ಬೆಂಗಳೂರಿನಲ್ಲಿ ಭಾರತ-ಪಾಕಿಸ್ತಾನದ ವಿಶ್ವಕಪ್ ಕ್ವಾರ್ಟರ್ ಫೈನಲ್. ನಾನು ಆಗ ತವರೂರು ಬೆಳವಣಕಿಯಲ್ಲಿದ್ದೆ. ಗದಗ ಜಿಲ್ಲೆ ಇನ್ನೂ ಆಗಿರಲಿಲ್ಲ, ರೋಣ ತಾಲೂಕೆಲ್ಲ ಧಾರವಾಡಕ್ಕೇ ಸೇರಿತ್ತು. ಏಳು ತಿಂಗಳ ಮಗಳು ಕಂಕುಳಲ್ಲಿ. ಓಣಿಗೆಲ್ಲ ಒಂದೇ ಬಣ್ಣದ ಟಿ.ವಿ. ಇದ್ದ ಮನೆಯ ಪಡಸಾಲೆಯಲ್ಲಿ ಗಂಡಸರು ಕಂಬಳಿ ಹಾಸಿಕೊಂಡು ಕೂತಿದ್ದರು. ನಾವು ಹೆಂಗಸರು ಬಾಗಿಲ ಹೊಸ್ತಿಲ ಕಡೆ. ಕುಂಬ್ಳೆ, ಶ್ರೀನಾಥ, ಪ್ರಸಾದ, ಮೂವರೂ ನಮ್ಮವರು, ಆಟವೂ ನಮ್ಮ ಬೆಂಗಳೂರಿನಲ್ಲಿ. ಜಡೇಜಾ ಕೊನೆಯ ಓವರುಗಳಲ್ಲಿ ವಕಾರ್ ಯೂನಿಸ್‌ಗೆ ಬಾರಿಸಿದ್ದನ್ನು ನೋಡಿ ನಾನೂ ಚಪ್ಪಾಳೆ ತಟ್ಟಿದ್ದೆ. ಪಾಕಿಸ್ತಾನದವರು ಆಡಲು ಬಂದರು, ಆಮೀರ್ ಸೊಹೇಲ್ ಹೊಡೆಯುತ್ತಿದ್ದ. ಎಲ್ಲರ ಮುಖ ಬಾಡಿತ್ತು. ಅಷ್ಟರಲ್ಲಿ ನನ್ನ ಕೂಸು ಅಳಲು ಹತ್ತಿತು.

"ಯವ್ವಾ, ಕೂಸಿನ್ನ ಹೊರಗ ಒಯ್ಯಿ" ಎಂದು ಯಾರೋ ಒಬ್ಬರು ತಿರುಗಿ ಕೂಡ ನೋಡದೆ ಹೇಳಿದರು. ಒಯ್ದೆ. ಕಟ್ಟೆಯ ಮೇಲೆ ಕೂತು ಹಾಲು ಕುಡಿಸುತ್ತಿರುವಾಗ ಒಳಗಿನಿಂದ ಊರೇ ಎದ್ದಂತೆ ಕೂಗು ಕೇಳಿತು. ಸೊಹೇಲ್ ಬೌಂಡರಿ ಹೊಡೆದು ಬ್ಯಾಟು ತೋರಿಸಿದ್ದನಂತೆ, ಮರು ಎಸೆತಕ್ಕೇ ವೆಂಕಟೇಶ ಪ್ರಸಾದ ಅವನ ಸ್ಟಂಪು ಹಾರಿಸಿದನಂತೆ. ಮೂವತ್ತು ವರ್ಷಗಳಿಂದ ಈ ದೇಶದಲ್ಲಿ ಎಲ್ಲರೂ ಹೇಳಿಕೊಂಡು ಬಂದ ಆ ಒಂದು ಚೆಂಡನ್ನು ನಾನು ಗೋಡೆಯ ಆಚೆ ಕೂತು ಕೇಳಿದೆ. ಆ ಕೂಸಿನ ಅಪ್ಪ ಒಳಗೇ ಇದ್ದರು. ಅವರಿಗೆ ಯಾರೂ "ಹೊರಗ ಒಯ್ಯಿ" ಎನ್ನಲಿಲ್ಲ. ಅನ್ನಬೇಕೆಂದು ನನಗೂ ಹೊಳೆಯಲಿಲ್ಲ, ಅದೂ ನಿಜ.

ಆ ಕೂಸೇ ಈಗ ತನ್ನ ಕೂಸನ್ನು ಎತ್ತಿಕೊಂಡು ನನ್ನೆದುರು ನಿಂತು "ನನಗ ತಿಳೀತದಲ್ಲ?" ಎಂದು ಕೇಳಿದ್ದು.

ಹೋದೆವು. ಯಾವ ಮೈದಾನ ಎನ್ನುವುದು ಬೇಡ. ಗೇಟಿನಲ್ಲಿ ಕೂಸಿನ ಚೀಲ ಬಿಚ್ಚಿಸಿದರು. ಕಾಯಿಸಿ ಆರಿಸಿದ ನೀರಿನ ಬಾಟಲಿ ತೆಗೆದು ಡಬ್ಬಿಗೆ ಎಸೆದರು. ರಾಗಿ ಸರಿಯ ಡಬ್ಬಿ ಹೊರಗೆ. "ಹೊರಗಿನ ತಿನಿಸು ಬಿಡೂದಿಲ್ರಿ." ಎಂಟು ತಿಂಗಳ ಕೂಸಿಗೆ ಒಳಗಿನ ತಿನಿಸು ಯಾವುದು? ಒಳಗೆ ಸಿಗುತ್ತಿದ್ದದ್ದು ಪಾಪ್‌ಕಾರ್ನು, ಸಮೋಸಾ, ಬಣ್ಣದ ನೀರು. ಕೂಸಿಗೆ ಬಟ್ಟೆ ಬದಲಿಸಬೇಕು ಎಂದು ಜಾಗ ಹುಡುಕಿದರೆ ಹೆಂಗಸರ ಪಾಯಿಖಾನೆಯ ಒದ್ದೆ ನೆಲ ಒಂದೇ. ಮೆಟ್ಟಿಲ ಮೇಲೆ ಸೆರಗು ಮರೆ ಮಾಡಿ ನಾನೇ ಬದಲಿಸಿದೆ. ಆಗ ಹಿಂದಿನ ಸಾಲಿನ ಒಬ್ಬ ಮಹಾನುಭಾವ ಹೇಳಿದ್ದು ಈ ಲೇಖನದ ತಲೆಬರಹದ ಮಾತು. ಅವನ ಪಕ್ಕದಲ್ಲಿ ನಾಲ್ಕು ಜನ ಗಂಡಸರು ಕುಡಿದು ಬಂದು ಅಂಪೈರನ ತಾಯಿಯನ್ನು ಸ್ಮರಿಸುತ್ತಿದ್ದರು. ಅವರನ್ನು ಇಲ್ಲಿಗ್ಯಾಕೆ ಬಂದಿರಿ ಎಂದು ಅವನು ಕೇಳಲಿಲ್ಲ.

ನಾನು ಹುಟ್ಟಿದ ಊರಿನಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಕಾರಹುಣ್ಣಿಮೆಗೆ ಕರಿ ಹರಿಯುವುದನ್ನು ನೋಡಲು ಊರಿಗೆ ಊರೇ ಅಗಸಿಯ ಕಡೆ ಹೋಗುತ್ತಿತ್ತು. ಸಿಂಗರಿಸಿದ ಎತ್ತು ಓಡಿಸುವುದು, ಯಾವ ಬಣ್ಣದ ಎತ್ತು ಮುಂದಾಯಿತೋ ಅದರ ಮೇಲೆ ಮುಂಗಾರು ಬೆಳೆಯೋ ಹಿಂಗಾರು ಬೆಳೆಯೋ ಎಂದು ಲೆಕ್ಕ ಹಾಕುವುದು. ಬಾಣಂತಿಯರು ಮಾಳಗಿಯ ಮೇಲೆ ಕೂತು ನೋಡುತ್ತಿದ್ದರು. ನಮ್ಮ ಎರಿ ಸೀಮೆಯ ಮಣ್ಣಿನ ಮಾಳಗಿಗಳು ಒಂದಕ್ಕೊಂದು ಹತ್ತಿಕೊಂಡೇ ಇರುತ್ತಿದ್ದುದರಿಂದ ಒಂದು ಮನೆಯ ನಿಚ್ಚಣಿಕೆ ಹತ್ತಿದರೆ ಓಣಿಯ ತುದಿಯ ತನಕ ನಡೆಯಬಹುದಿತ್ತು. ಜಾತ್ರೆಯ ಕುಸ್ತಿಯೂ ಹಾಗೆಯೇ. ಕಣದ ಹತ್ತಿರ ಹೆಂಗಸರಿಗೆ ಜಾಗವಿಲ್ಲ, ಅದನ್ನು ನಾನು ಒಳ್ಳೆಯ ಪದ್ಧತಿ ಎನ್ನುವುದಿಲ್ಲ. ಆದರೆ ಕೂಸು ಇದೆ ಎಂಬ ಕಾರಣಕ್ಕೆ ಯಾರೂ ಮನೆಯಲ್ಲಿ ಉಳಿಯುತ್ತಿರಲಿಲ್ಲ. ಕೌದಿ ಹಾಸಿದರೆ ಅಲ್ಲೇ ತೊಟ್ಟಿಲು. ಅತ್ತರೆ ಮಗ್ಗುಲಿನ ಹೆಂಗಸು ಎತ್ತಿಕೊಳ್ಳುವಳು. ಹಲಗಿ ಜೋರಾದರೆ, ಗರ್ನಾಲು ಹಾರಿಸುವ ಹೊತ್ತಾದರೆ ನಮ್ಮವ್ವ ಕೂಸಿನ ಕಿವಿಗೆ ಹತ್ತಿಯಿಟ್ಟು, ತನ್ನ ಅಂಗೈ ಮುಚ್ಚಿ ಮಾಳಗಿಯ ಆ ಕಡೆಗೆ ಹೋಗುತ್ತಿದ್ದಳು. ಓದು ಬರಹ ಬಾರದವಳು. ಸದ್ದು ಕೂಸಿನ ಕಿವಿಗೆ ಕೆಟ್ಟದ್ದು ಎಂಬುದಷ್ಟು ಅವಳಿಗೆ ಗೊತ್ತಿತ್ತು.

ಈ ಕಿವಿಯ ಮಾತು ಬಂತಲ್ಲ, ಅದನ್ನು ಹಾರಿಸಿ ಹೋಗುವುದು ಮೋಸವಾಗುತ್ತದೆ. ನನ್ನನ್ನು ಬೈದವರಲ್ಲಿ ಯಾರೂ ಇದನ್ನು ಎತ್ತಲಿಲ್ಲ, ಆದರೆ ಎತ್ತಬೇಕಾಗಿದ್ದ ಮಾತು ಇದೊಂದೇ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಕಾರ್ಖಾನೆಯ ಕೆಲಸಗಾರರಿಗಾಗಿ ಹಾಕಿದ ಲೆಕ್ಕವಿದೆ: 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ತಾಸು ಇರಬಹುದು. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ವೇಳೆ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ತಾಸು, 91ಕ್ಕೆ 2 ತಾಸು, ಹೀಗೆ ಇಳಿದು 100ಕ್ಕೆ ಬರುವಷ್ಟರಲ್ಲಿ ಬರೇ 15 ನಿಮಿಷ. ತುಂಬಿದ ಕ್ರೀಡಾಂಗಣದ ಕೂಗು 100ನ್ನು ದಾಟುವುದು ಅಪರೂಪವಲ್ಲ. ಈ ಲೆಕ್ಕ ದೊಡ್ಡವರದು. ಕೂಸಿನ ಕಿವಿಯ ದಾರಿ ಸಣ್ಣದು, ಅದೇ ಸದ್ದು ಅದರೊಳಗೆ ಇನ್ನೂ ಒತ್ತಾಗಿ ಬೀಳುತ್ತದೆ. ಹತ್ತಿಯಿಂದ ಸಾಲುವುದಿಲ್ಲ. ಕಿವಿಯನ್ನು ಪೂರ್ತಿ ಮುಚ್ಚುವ ಕಪ್ಪಿನಂಥ ಕವಚ ಬೇಕು. 2010ರ ಫೆಬ್ರುವರಿಯಲ್ಲಿ ಅಮೆರಿಕದ ಫುಟ್‌ಬಾಲಿನ ದೊಡ್ಡ ಪಂದ್ಯ ಗೆದ್ದ ಡ್ರೂ ಬ್ರೀಸ್ ತನ್ನ ಒಂದು ವರ್ಷದ ಮಗನನ್ನು ಎತ್ತಿಕೊಂಡು ನಿಂತ ಚಿತ್ರ ಲೋಕವೆಲ್ಲ ನೋಡಿತು. ಆ ಕೂಸಿನ ಕಿವಿಗೆ ಅಂಥ ಕವಚವಿತ್ತು. ಅಪ್ಪ ಎತ್ತಿಕೊಂಡಿದ್ದಕ್ಕೆ ಎಲ್ಲರೂ ಎಷ್ಟು ಚಂದ ಎಂದರು. ಅದೇ ಕೂಸನ್ನು ಒಬ್ಬ ತಾಯಿ ಮೇಲಿನ ಸಾಲಿನಲ್ಲಿ ಕೂತು ಎತ್ತಿಕೊಂಡಿದ್ದರೆ?

ಮಗಳು ಆ ಕವಚವನ್ನು ತರಿಸಿದ್ದಳು. ಭುಜಕ್ಕೆ ಮಗ್ಗುಲಾಗಿ ಕೂತು, ಹಾಡು ಹಾಕುವ ಕರಿಯ ಡಬ್ಬಿಗಳಿಂದ ದೂರದ ಸೀಟು ಆರಿಸಿದ್ದಳು. ಕೂಸು ಹಟ ಮಾಡಿದರೆ ಆಟ ಎಲ್ಲೇ ಇರಲಿ ಎದ್ದುಬಿಡುವುದು ಎಂದು ಮೊದಲೇ ಮಾತಾಗಿತ್ತು. ಇಷ್ಟು ಮಾಡದೆ ಕೂಸನ್ನು ಒಯ್ಯುವವರ ಪರವಾಗಿ ನಾನು ಮಾತಾಡುತ್ತಿಲ್ಲ. ಟಿ.ವಿ. ಕ್ಯಾಮೆರಾ ತಮ್ಮ ಕಡೆ ತಿರುಗಿತೆಂದು ನಿದ್ದೆಯಲ್ಲಿದ್ದ ಹಸುಗೂಸನ್ನು ಎರಡೂ ಕೈಯಲ್ಲಿ ಮೇಲೆತ್ತಿ ಆಡಿಸುವವರನ್ನು ನೀವೂ ನೋಡಿರಬಹುದು. ಅವರಿಗೆ ಬೇಕಾದದ್ದು ಆಟವೂ ಅಲ್ಲ, ಕೂಸೂ ಅಲ್ಲ. ಜೂನ್ 4ರಂಥ ಮೆರವಣಿಗೆ, ಪುಕ್ಕಟೆ ಪ್ರವೇಶ, ಬಾಗಿಲು ಯಾವಾಗ ತೆರೆಯುತ್ತದೋ ಗೊತ್ತಿಲ್ಲ ಎನ್ನುವಂಥ ಕಡೆಗೆ ಕೂಸನ್ನು ಒಯ್ಯಬಾರದು. ಒಪ್ಪುತ್ತೇನೆ. ಆದರೆ ಅಂಥ ಕಡೆಗೆ ಎಳೆಯ ಹುಡುಗರೂ ಹೋಗಬಾರದಾಗಿತ್ತು, ಗಟ್ಟಿ ತೋಳಿನ ಗಂಡಸರೂ ಹೋಗಬಾರದಾಗಿತ್ತು. ಸತ್ತವರಲ್ಲಿ ಕಂಕುಳ ಕೂಸು ಇರಲಿಲ್ಲ. ನಡೆದು ಹೋದವರೇ ಸತ್ತರು. ನ್ಯಾಯಮೂರ್ತಿ ಮೈಕಲ್ ಕುನ್ಹಾ ಆಯೋಗ ಅದೇ ವರ್ಷ ವಿಚಾರಣೆ ಮಾಡಿ, ಆ ಕ್ರೀಡಾಂಗಣದ ರಚನೆಯೇ ದೊಡ್ಡ ಜನಸಂದಣಿಗೆ ಸುರಕ್ಷಿತವಲ್ಲ ಎಂದಿತು. ತಪ್ಪು ಬಾಗಿಲಿನದು, ದಾರಿಯದು, ಏರ್ಪಾಡಿನದು. ತಾಯಂದಿರು ಯಾಕೆ ಬಂದರು ಎಂಬ ಪ್ರಶ್ನೆ ಅದರಲ್ಲಿ ಎಲ್ಲಿಂದ ಬರಬೇಕು?

ಆ ದುರಂತದ ಇನ್ನೊಂದು ಫಲ ನಮ್ಮ ಹೆಣ್ಣುಮಕ್ಕಳಿಗೇ ಬಂತು. 2025ರ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನಲ್ಲಿ ಆಗಬೇಕಾಗಿದ್ದವು. ಕೈತಪ್ಪಿ ನವಿ ಮುಂಬಯಿಗೆ ಹೋದವು. ನವೆಂಬರ್ 2ರಂದು ಹರ್ಮನ್‌ಪ್ರೀತ್ ಕೌರ್ ತಂಡ ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ಮೊದಲ ಸಲ ಕಪ್ಪು ಎತ್ತಿದ್ದು ಅಲ್ಲಿಯೇ. ನಾವು ಟಿ.ವಿ.ಯಲ್ಲಿ ನೋಡಿದೆವು.

ಆಡುವವಳಿಗೇ ಕೂಸಿದ್ದರೆ? 2022ರ ಮಾರ್ಚ್ 6ರಂದು ನ್ಯೂಜಿಲೆಂಡಿನ ಮೌಂಟ್ ಮಾಂಗನುಯಿಯಲ್ಲಿ ಪಾಕಿಸ್ತಾನದ ನಾಯಕಿ ಬಿಸ್ಮಾ ಮಾರೂಫ್ ಆರು ತಿಂಗಳ ಮಗಳು ಫಾತಿಮಾಳನ್ನು ಎತ್ತಿಕೊಂಡು ಮೈದಾನಕ್ಕೆ ಬಂದಳು. ಆ ದಿನ ಭಾರತ 107 ರನ್ನಿನಿಂದ ಗೆದ್ದಿತ್ತು. ಆಟ ಮುಗಿದ ಮೇಲೆ ನಮ್ಮ ಹುಡುಗಿಯರೆಲ್ಲ ಆ ಕೂಸಿನ ಸುತ್ತ ನೆರೆದು ಆಡಿಸಿದರು. ಆ ಚಿತ್ರ ನೋಡಿ ಕಣ್ಣೊರೆಸಿಕೊಂಡವರು ಬಹಳ ಮಂದಿ. ನಾನು ನೋಡಿದ್ದು ಬೇರೆ. ಬಿಸ್ಮಾಳ ತಾಯಿಯೂ ಜೊತೆಗೆ ಹೋಗಿದ್ದಳು. ಬಾಣಂತಿ ಆಟಗಾರ್ತಿಗೆ ಸಂಬಳದ ರಜೆ, ಕೂಸು ನೋಡಿಕೊಳ್ಳಲು ಒಬ್ಬರನ್ನು ಪ್ರವಾಸಕ್ಕೆ ಕರೆದೊಯ್ಯುವ ಸೌಲಭ್ಯ ಎಂದು ಅವರ ಮಂಡಳಿ 2021ರಲ್ಲಿ ನಿಯಮ ಮಾಡಿತ್ತು. ಕಣ್ಣೀರಿನಿಂದ ಆದದ್ದಲ್ಲ ಅದು, ನಿಯಮದಿಂದ ಆದದ್ದು.

ನಮ್ಮಲ್ಲೂ ನಿಯಮಗಳಿಗೆ ಬರವಿಲ್ಲ. 50 ಜನ ಕೆಲಸ ಮಾಡುವ ಕಡೆ ಕೂಸಿನ ಕೋಣೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಬಹುದು ಎಂದು 2017ರ ಹೆರಿಗೆ ಸೌಲಭ್ಯದ ತಿದ್ದುಪಡಿ ಕಾಯ್ದೆ ಹೇಳಿತು. ಸಾರ್ವಜನಿಕ ಸ್ಥಳಗಳಲ್ಲಿ ಹಾಲೂಡಿಸಲು ಮರೆಯ ಕೋಣೆ ಬೇಕು, ಹಾಲೂಡಿಸುವುದನ್ನು ಕಳಂಕದಂತೆ ನೋಡಬಾರದು ಎಂದು 2025ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮೂವತ್ತು ಸಾವಿರ ಜನ ಕೂರುವ ಕ್ರೀಡಾಂಗಣಕ್ಕೆ ಒಂದು ಕೋಣೆ, ಒಂದು ಹಲಗೆ, ಒಂದು ನಲ್ಲಿ ಭಾರವೇ? ಗಣ್ಯರ ಪೆಟ್ಟಿಗೆಗಳಿಗೆ ಎ.ಸಿ. ಹಾಕಿಸುವವರು ಕೂಸಿನ ನೀರಿನ ಬಾಟಲಿಯನ್ನು ಕಸದ ಡಬ್ಬಿಗೆ ಎಸೆಯುವಾಗ ಅದಕ್ಕೆ ಭದ್ರತೆ ಎಂದು ಹೆಸರಿಡುತ್ತಾರೆ.

"ಮನೆಯಲ್ಲಿ ಟಿ.ವಿ. ಇದೆಯಲ್ಲ, ಕೂತು ನೋಡಿ" ಎನ್ನುವವರಿದ್ದಾರೆ. ಸರಿ, ಮೊದಲು ಅವರೇ ಕೂರಲಿ. ಗದಗಿನ ಕಡೆಯವರಿಗೆ ಕ್ರಿಕೆಟ್ಟು ಪರವೂರಿನ ಆಟವಲ್ಲ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಮೇಲೆ 10 ಓವರು ಹಾಕಿ, 6 ರನ್ನು ಕೊಟ್ಟು 5 ವಿಕೆಟ್ಟು ತೆಗೆದ ಸುನೀಲ ಜೋಶಿ ಗದಗಿನವನು. ಆ ಲೆಕ್ಕ ನಮ್ಮ ಓಣಿಯ ಹೆಂಗಸರಿಗೂ ಬಾಯಿಪಾಠ. ಆಟ ತಿಳಿದವರಿಗೆ ಅದನ್ನು ಕಣ್ಣಾರೆ ನೋಡುವ ಆಸೆ ಇರುತ್ತದೆ. ಹೆತ್ತ ಕೂಡಲೇ ಆ ಆಸೆ ಹೊಕ್ಕುಳಬಳ್ಳಿಯ ಜೊತೆ ಬಿದ್ದುಹೋಗುವುದಿಲ್ಲ.

ಅಂದಿನ ರಾತ್ರಿಯ ಉಳಿದ ಮಾತು ಹೇಳುತ್ತೇನೆ. ಎರಡನೆಯ ಇನಿಂಗ್ಸು ಅರ್ಧವಾಗುವಷ್ಟರಲ್ಲಿ ಕೂಸು ಕಿವಿಯ ಕವಚ ಕಿತ್ತು ಎಸೆದು ಅಳಲು ಶುರು ಮಾಡಿತು. ಮಾತಾದಂತೆ ಎದ್ದೆವು. ನಾನು ಹೊರಗೆ ನಿಂತಿರುತ್ತೇನೆ, ನೀನು ನೋಡು ಎಂದರೆ ಮಗಳು ಕೇಳಲಿಲ್ಲ. ಮೆಟ್ಟಿಲ ಕೆಳಗೆ, ಸದ್ದು ಕಡಿಮೆ ಇದ್ದ ಮೊಗಸಾಲೆಯಲ್ಲಿ ಕಾವಲಿಗಿದ್ದ ಮಹಿಳಾ ಕಾನ್‌ಸ್ಟೇಬಲ್ ಒಬ್ಬಳು ತಾನು ಕೂತಿದ್ದ ಕುರ್ಚಿ ಬಿಟ್ಟುಕೊಟ್ಟಳು. ತನ್ನ ಬಾಟಲಿಯ ನೀರು ಕೊಟ್ಟಳು. ಮಗಳು ಹಾಲು ಕುಡಿಸಿದ ಮೇಲೆ ಕೂಸನ್ನು ಕೇಳಿ ಇಸಕೊಂಡು, ಭುಜಕ್ಕೆ ಹಾಕಿಕೊಂಡು, ಬೆನ್ನು ತಟ್ಟುತ್ತ ಆ ತುದಿಯಿಂದ ಈ ತುದಿಗೆ ನಡೆದಳು. "ನೀವು ಮ್ಯಾಲ ಹೋಗಿ ನೋಡ್ರಿ ಅಕ್ಕಾ, ಇನ್ನ ಐದು ಓವರ್ ಅದಾವ" ಎಂದು ಮಗಳನ್ನು ಕಳಿಸಿದಳು.

ನಾನು ಅವಳ ಜೊತೆ ನಿಂತೆ. ನಿನಗೂ ಮಕ್ಕಳಿದ್ದಾರೇನವ್ವ ಎಂದು ಕೇಳಿದೆ. ಒಂಬತ್ತು ತಿಂಗಳ ಮಗನಿದ್ದಾನೆ, ಅತ್ತೆಯ ಹತ್ತಿರ ಬಿಟ್ಟು ಬಂದಿದ್ದೇನೆ, ಮಧ್ಯಾಹ್ನ ಹನ್ನೆರಡಕ್ಕೆ ಡ್ಯೂಟಿಗೆ ಬಂದವಳು ಎಂದಳು. ಆಗ ರಾತ್ರಿ ಹತ್ತು ದಾಟಿತ್ತು. ಮೊದಲಿಂದಲೂ ಅವಳು ಒಂದು ಕೈಯನ್ನು ಎದೆಗೆ ಅಡ್ಡ ಹಿಡಿದುಕೊಂಡೇ ಇದ್ದದ್ದು ಯಾಕೆಂದು ನನಗೆ ಆಗ ತಿಳಿಯಿತು. ಖಾಕಿ ಅಂಗಿಯ ಮುಂಭಾಗ ಒದ್ದೆಯಾಗಿತ್ತು.